ಹಾಲಪ್ಪನವರ ಕಲ್ಲುತೋಟದ ಬೋರ್ಡು

ಹಾಲಪ್ಪನವರಿಗೆ ಗೊತ್ತಿಲ್ಲದ ವಿಷಯ ಒಂದೇ ಒಂದು: ತಮಗೆ ಯಾವುದು ಗೊತ್ತಿಲ್ಲ ಎಂಬುದು. ದಾವಣಗೆರೆಯಲ್ಲಿ ಪಂಪ್‌ಸೆಟ್ ಕಂಪನಿಯೊಂದರ ಸರ್ವೀಸ್ ವಿಭಾಗದಲ್ಲಿದ್ದ ಅವರನ್ನು ಕೊಯಮತ್ತೂರಿನ ಹೆಡ್ಡಾಫೀಸಿಗೆ ಹಾಕುವ ಮಾತು ಬಂದಾಗ, ತಮಿಳು ಬರುತ್ತದೆಯೇ ಎಂದು ಸಾಹೇಬರು ಕೇಳಿದ್ದರು. ಬರದೆ ಏನು ಎಂದಿದ್ದರು ಇವರು. ಕನ್ನಡವನ್ನೇ ಸ್ವಲ್ಪ ಎಳೆದು, ಕೊನೆಗೊಂದು "ಂಗೊ" ಸೇರಿಸಿದರೆ ಅದು ತಮಿಳಾಗುತ್ತದೆ ಎಂಬುದು ಅವರ ಸಿದ್ಧಾಂತ. ಈ ಸಿದ್ಧಾಂತದ ಬಲದಿಂದ ಅವರು ಕೊಯಮತ್ತೂರಿಗೆ ಬಂದು, ಮನೆ ಹಿಡಿದ ಪೀಳಮೇಡು ಬಡಾವಣೆಯಲ್ಲಿ ತರಕಾರಿ ಕೊಂಡರು, ಬಸ್ಸು ಹತ್ತಿದರು. ಕೇಳಿದ ತರಕಾರಿಯೇ ಸಿಕ್ಕಿತೆ, ಹತ್ತಬೇಕಾದ ಬಸ್ಸೇ ಆಗಿತ್ತೆ ಎಂಬುದು ಬೇರೆ ಮಾತು.

ಅವರ ಹೆಂಡತಿ ಚಂದ್ರಮ್ಮನಿಗೆ ಇಂಥ ಧೈರ್ಯವಿರಲಿಲ್ಲ. ಗೊತ್ತಿಲ್ಲದ ಭಾಷೆಯಲ್ಲಿ ಸುಮ್ಮನಿರುವುದೇ ಮರ್ಯಾದೆ ಎಂದು ಆಕೆ ಬೀದಿಯ ನಲ್ಲಿಗೆ ಹೋದಾಗಲೂ ಕೊಡ ಇಟ್ಟು, ನಕ್ಕು, ತುಂಬಿಸಿಕೊಂಡು ಬರುತ್ತಿದ್ದರು. ಮಾತಿಗೆ ಸಿಗುತ್ತಿದ್ದವರು ಮಹಡಿಯ ಮೇಲಿನ ಮನೆಯೊಡತಿ ಕಾಮಾಕ್ಷಿಯಮ್ಮ ಒಬ್ಬರೇ. ಅವರದು ಎಷ್ಟೋ ತಲೆಮಾರಿನ ಹಿಂದೆ ಈ ಕಡೆ ಬಂದು ನೆಲೆಸಿದ ನೇಕಾರರ ಮನೆತನ. ಮನೆಯಲ್ಲಿ ಕನ್ನಡವೇ ಆಡುತ್ತಿದ್ದರು, ಓದಲು ಮಾತ್ರ ತಮಿಳು ಬರುತ್ತಿತ್ತು. ಅವರ ಕನ್ನಡ ಕೇಳಿದರೆ ಚಂದ್ರಮ್ಮನಿಗೆ, ತವರಿನ ಸೀರೆಯನ್ನು ಬೇರೆ ಊರಿನವರು ಬೇರೆ ರೀತಿಯಲ್ಲಿ ಉಟ್ಟುಕೊಂಡಂತೆ ಅನ್ನಿಸುತ್ತಿತ್ತು.

2002ರ ಮೇ ತಿಂಗಳಿನಲ್ಲಿ ಆಫೀಸಿನವರೆಲ್ಲ ಊಟಿಯ ಹೂವಿನ ಪ್ರದರ್ಶನಕ್ಕೆ ಹೋದರು. ಎಲ್ಲರೂ ಗುಲಾಬಿಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಹಾಲಪ್ಪನವರು ಮೂಲೆಯ ಕಲ್ಲುತೋಟವೊಂದರ ಮುಂದೆ ನಿಂತುಬಿಟ್ಟರು. ಬಂಡೆಗಳ ನಡುವೆ, ಜಲ್ಲಿಕಲ್ಲಿನ ಮೇಲೆ, ಅಕ್ಕಿಕಾಳಿನಷ್ಟು ದಪ್ಪ ದಪ್ಪ ಎಲೆಯ ಒಂದು ಗಿಡ ನೆಲಕ್ಕಂಟಿಕೊಂಡು ಚಾಪೆ ಹಾಸಿದ ಹಾಗೆ ಹರಡಿತ್ತು. ಅಲ್ಲಲ್ಲಿ ನಕ್ಷತ್ರದಂಥ ಹಳದಿ ಹೂವು. ಪ್ರತಿಯೊಂದು ಗಿಡದ ಪಕ್ಕದಲ್ಲೂ ಹೆಸರು, ಮೂಲಸ್ಥಳ, ಆರೈಕೆಯ ವಿಧಾನ ಬರೆದ ಪುಟ್ಟ ಬೋರ್ಡು. ಇಷ್ಟು ವ್ಯವಸ್ಥಿತವಾದ ಬದುಕನ್ನು ಹಾಲಪ್ಪನವರು ಮನುಷ್ಯರಲ್ಲಿಯೂ ಕಂಡಿರಲಿಲ್ಲ.

ಹೊರಗೆ ನರ್ಸರಿಯಲ್ಲಿ ಅದೇ ಗಿಡದ ಒಂದು ತಟ್ಟೆ ಸಿಕ್ಕಿತು. ಮರಳು, ಕಲ್ಲು, ಬಿಸಿಲು ಇದ್ದರೆ ಸಾಕು, ನೀರೇ ಇದಕ್ಕೆ ಶತ್ರು ಎಂದು ಮಾರುವವನು ಹೇಳಿದ. ತಟ್ಟೆಗೆ ಸಿಕ್ಕಿಸಿದ್ದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಸೀಡಮ್ ಎಂದಿತ್ತು. ಹಾಲಪ್ಪನವರು ಅದನ್ನು ಸೇಡಂ ಎಂದು ಓದಿಕೊಂಡರು. ಅವರ ಮನಸ್ಸಿನಲ್ಲಿ ದೀಪ ಹೊತ್ತಿತು.

"ನಮ್ಮ ಗುಲ್ಬರ್ಗದ ಸೇಡಂ ಕಣೇ," ಎಂದು ಮನೆಗೆ ಬಂದೊಡನೆ ಹೆಂಡತಿಗೆ ವಿವರಿಸಿದರು. "ಅಲ್ಲೇನೈತಿ? ಕಲ್ಲು, ಬಿಸಿಲು. ಇದೂ ಅದನ್ನೇ ಕೇಳ್ತದೆ. ನಮ್ಮ ನಾಡಿನ ಗಿಡ ಊಟಿ ಸೇರಿಕೊಂಡು ದೊಡ್ಡ ಮನುಷ್ಯ ಆಗೈತಿ."

ತಮ್ಮ ಚಿಕ್ಕಪ್ಪ ಸೇಡಂನಲ್ಲಿ ಮೇಷ್ಟರಾಗಿದ್ದರು, ಅಲ್ಲಿಂದ ಹಾಸುಗಲ್ಲು ತಂದಿದ್ದು ಗೊತ್ತು, ಹಾಸುಗಿಡ ತಂದಿದ್ದು ನೋಡಲಿಲ್ಲ ಎಂದು ಚಂದ್ರಮ್ಮ ಹೇಳಿದರು. ಮೇಷ್ಟರಿಗೆ ಗಿಡ ನೋಡಲು ಪುರುಸೊತ್ತೆಲ್ಲಿ ಎಂದು ಹಾಲಪ್ಪನವರು ಆ ಸಾಕ್ಷ್ಯವನ್ನು ತಳ್ಳಿಹಾಕಿದರು.

ಮನೆಯ ಮುಂದೆ ಗೇಟಿನ ಪಕ್ಕ ಒಂದು ಪಟ್ಟಿ ಗಟ್ಟಿ ನೆಲವಿತ್ತು. ಅದನ್ನು ಅಗೆದು, ಒಡೆದ ಇಟ್ಟಿಗೆ, ಮರಳು, ಜಲ್ಲಿ ತುಂಬಿ, ನೀರು ನಿಲ್ಲದ ಹಾಗೆ ಇಳಿಜಾರು ಮಾಡಿ, ಮನೆ ಕಟ್ಟುವ ಕಡೆಯಿಂದ ಕಲ್ಲು ಹೊತ್ತು ತಂದು ಜೋಡಿಸಿದರು. ಗಿಡದ ತುಂಡುಗಳನ್ನು ಚಿವುಟಿ ಜಲ್ಲಿಗೆ ಒತ್ತಿದರು. ನೀರೆತ್ತುವ ಪಂಪು ಮಾರಿ ಸಂಬಳ ಎಣಿಸುವ ಮನುಷ್ಯ ನೀರೇ ಬೇಡದ ತೋಟ ಮಾಡುವುದು ಕಂಪನಿಗೆ ಬಗೆವ ದ್ರೋಹ ಎಂದು ಆಫೀಸಿನವರು ತಮಾಷೆ ಮಾಡಿದರು. ಗಿಡ ಮಾತ್ರ ಇದಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದೆ ಬೇರು ಬಿಟ್ಟು, ಕಲ್ಲಿನಿಂದ ಕಲ್ಲಿಗೆ ಹರಿಯತೊಡಗಿತು.

ಆಮೇಲೆ ಅದು ಕೊಳೆಯಲು ಶುರುವಾಯಿತು. ಬುಡ ಕಪ್ಪಾಯಿತು, ಎಲೆ ಮುಟ್ಟಿದರೆ ನೀರು ಒಸರುತ್ತಿತ್ತು. ಹಾಲಪ್ಪನವರು ಒಂದು ಬೆಳಿಗ್ಗೆ ಕಿಟಕಿಯ ಹಿಂದೆ ಕಾದು ನಿಂತು ಕಾರಣ ಕಂಡುಹಿಡಿದರು. ಪಕ್ಕದ ಮನೆಯ ನಾಚಿಯಮ್ಮ ಅಕ್ಕಿ ತೊಳೆದ ನೀರಿನ ಪಾತ್ರೆಯನ್ನು ಮೋಟುಗೋಡೆಯ ಆಚೆಯಿಂದಲೇ ಬಗ್ಗಿಸಿ, ಗಿಡಕ್ಕೆ ನಿಧಾನವಾಗಿ ಸುರಿದು, ಏನೋ ಸಮಾಧಾನ ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹಾಲಿನವನು ಕ್ಯಾನು ತೊಳೆದ ನೀರು ಚೆಲ್ಲಿದ. ಎದುರುಮನೆಯ ಮುದುಕರು ಒಂದು ಚೊಂಬು ಹೊಯ್ದರು. ಮಳೆ ಕೈಕೊಟ್ಟ ವರ್ಷ ಅದು, ನಲ್ಲಿಯಲ್ಲಿ ನೀರು ಬರುವ ದಿನ ಬೀದಿಯಲ್ಲಿ ಹಬ್ಬ. ಅಂಥದರಲ್ಲಿ, ಹೊಸ ಬಾಡಿಗೆದಾರನೊಬ್ಬ ಗಿಡ ನೆಟ್ಟು ನೀರು ಕಾಣಿಸದೆ ಕೊಲ್ಲುತ್ತಿದ್ದಾನೆ, ನೀರಿಗೆ ಗತಿಯಿಲ್ಲವೋ ಏನೋ, ಕೇಳಲು ನಾಚಿಕೆಯೋ ಏನೋ ಎಂದುಕೊಂಡು ಎಲ್ಲರೂ ತಮ್ಮ ಪಾಲಿನದರಲ್ಲಿ ಒಂದಿಷ್ಟು ಉಳಿಸಿ ತಂದು ಹಾಕುತ್ತಿದ್ದರು.

ಹೋಗಿ ಒಂದು ಮಾತು ಹೇಳಿ ಬನ್ನಿ ಎಂದರು ಚಂದ್ರಮ್ಮ. ಹೇಳಬಹುದಿತ್ತು. ಆದರೆ ತಮ್ಮ ತಮಿಳಿನ ಮೇಲೆ ಹಾಲಪ್ಪನವರಿಗೆ ಅಷ್ಟು ಹೊತ್ತಿಗೆ ಸಣ್ಣದೊಂದು ಸಂಶಯ ಹುಟ್ಟಿತ್ತು. ಅಲ್ಲದೆ ಅವು ಕಾವೇರಿಯ ಗಲಾಟೆಯ ತಿಂಗಳುಗಳು. ದಿನ ಬೆಳಗಾದರೆ ಪೇಪರಿನ ತುಂಬ ಅಣೆಕಟ್ಟು, ಮೆರವಣಿಗೆ, ನಿಂತ ಬಸ್ಸು. ಹಾಲಪ್ಪನವರು ಎಷ್ಟು ಹುಷಾರಾಗಿದ್ದರೆಂದರೆ, ಕರ್ನಾಟಕದ ನಂಬರಿದ್ದ ತಮ್ಮ ಸ್ಕೂಟರನ್ನು ಹೊರಗೆ ತೆಗೆಯುವುದನ್ನೇ ಬಿಟ್ಟಿದ್ದರು. ಬಸ್ಸಿನಲ್ಲಿ ಹೆಂಡತಿಯ ಜೊತೆ ಸನ್ನೆಯಲ್ಲಿ ಮಾತಾಡುತ್ತಿದ್ದರು. ಓದಲು ಬಾರದ ತಮಿಳು ಪೇಪರೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಇಂಥ ಕಾಲದಲ್ಲಿ ನೆರೆಯವರ ಹತ್ತಿರ ಹೋಗಿ ತಪ್ಪು ಮಾತಾಡುವುದಕ್ಕಿಂತ, ಊಟಿಯವರ ಹಾಗೆ ಒಂದು ಬೋರ್ಡು ಹಾಕುವುದೇ ಸುರಕ್ಷಿತ ಎಂದು ತೀರ್ಮಾನಿಸಿದರು.

ಬೋರ್ಡು ಬರೆಯುವ ಮಣಿಯ ಅಂಗಡಿ ಮುಖ್ಯರಸ್ತೆಯಲ್ಲಿತ್ತು. ಅಂಗಡಿ ಹೆಸರು, ಗಾಡಿ ನಂಬರು, ಚುನಾವಣೆಯ ಗೋಡೆ, ಎಲ್ಲವನ್ನೂ ಬರೆದು ಪಳಗಿದ ಕೈ. ಹಾಲಪ್ಪನವರು ಊಟಿಯ ಕ್ರಮದಲ್ಲೇ ಹೇಳಿ ಬರೆಸಿದರು. ಮೊದಲು ಹೆಸರು: ಸೇಡಂ. "ಸೇದಮಾ?" ಎಂದು ಮಣಿ ಕೇಳಿದ. ಹೌದು ಹೌದು ಎಂದರು. ತಮಿಳಿನಲ್ಲಿ ಸೇದಂ ಎಂದರೆ ಹಾನಿ, ನಾಶ. ಇದು ಮಣಿಗೆ ಗೊತ್ತಿತ್ತು, ಇವರಿಗೆ ಗೊತ್ತಿರಲಿಲ್ಲ. ಎರಡನೆಯದು ಮೂಲಸ್ಥಳ: ಕರ್ನಾಟಕ. ಮೂರನೆಯದು ಆರೈಕೆ: ತಣ್ಣೀರ್ ವಿಡಾದೀರ್ಗಳ್, ಅಂದರೆ ನೀರು ಬಿಡಬೇಡಿ. ಗಿಡಕ್ಕೆ ಹಾಕುವ ನೀರಿಗೂ ಅಣೆಕಟ್ಟಿನಿಂದ ಹರಿಸುವ ನೀರಿಗೂ ಆ ಭಾಷೆಯಲ್ಲಿ ಒಂದೇ ಕ್ರಿಯಾಪದ. ನಮ್ಮಲ್ಲೂ ಹಾಗೇ ಎನ್ನುವುದು ಹಾಲಪ್ಪನವರಿಗೆ ಆ ಕ್ಷಣ ಹೊಳೆಯಲಿಲ್ಲ.

ಮಣಿ ಬ್ರಷ್ ಎತ್ತಿ ಅವರ ಮುಖ ನೋಡಿದ. ನಿಜವಾಗಿಯೂ ಬರೆಯಬೇಕೇ ಎಂದು ಕೇಳಿದ. ದೊಡ್ಡದಾಗಿ, ಕೆಂಪಿನಲ್ಲಿ ಬರೆ, ದೂರದಿಂದಲೂ ಕಾಣಬೇಕು ಎಂದರು ಇವರು. ಗಿರಾಕಿಯ ಅಭಿಪ್ರಾಯ ಗಿರಾಕಿಗೆ ಎಂಬುದು ಮಣಿಯ ವೃತ್ತಿಧರ್ಮ. ಬರೆದುಕೊಟ್ಟ. ಮರುದಿನ ಬೆಳಿಗ್ಗೆ ಹಾಲಪ್ಪನವರ ಗೇಟಿನ ಮೇಲೆ, ಬೀದಿಗೆ ಮುಖಮಾಡಿ, ಆ ಫಲಕ ತೂಗಾಡಿತು: ನಾಶ. ಕರ್ನಾಟಕ. ನೀರು ಬಿಡಬೇಡಿ.

ಕಾಮಾಕ್ಷಿಯಮ್ಮ ಇದ್ದಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಅವರು ಮಗಳ ಬಾಣಂತನಕ್ಕೆಂದು ತಿರುಪ್ಪೂರಿಗೆ ಹೋಗಿದ್ದರು.

ಬೋರ್ಡಿನ ಪರಿಣಾಮ ಹಾಲಪ್ಪನವರನ್ನೇ ಬೆರಗುಗೊಳಿಸಿತು. ಆ ದಿನದಿಂದ ಒಬ್ಬರೂ ಗಿಡಕ್ಕೆ ಹನಿ ನೀರು ಹಾಕಲಿಲ್ಲ. ಜನ ಗೇಟಿನ ಮುಂದೆ ನಿಲ್ಲುತ್ತಿದ್ದರು, ಓದುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೌನವಾಗಿ ಹೋಗುತ್ತಿದ್ದರು. ತಮಿಳರ ಶಿಸ್ತನ್ನು ಹಾಲಪ್ಪನವರು ಹೆಂಡತಿಯ ಮುಂದೆ ಬಾಯಿತುಂಬ ಹೊಗಳಿದರು. ಹಾಲಿನವನು ಯಾಕೆ ಬರುತ್ತಿಲ್ಲ ಎಂದು ಚಂದ್ರಮ್ಮ ಕೇಳಿದರು. ಅವನಿಗೆ ಮೈ ಸರಿಯಿಲ್ಲವಿರಬೇಕು ಎಂದರು. ನಲ್ಲಿಯ ಹತ್ತಿರ ನಾನು ಹೋದರೆ ಮಾತೆಲ್ಲ ನಿಂತುಹೋಗುತ್ತದೆ ಎಂದರು ಚಂದ್ರಮ್ಮ. ನಿನಗೆ ಮೊದಲೂ ಮಾತು ತಿಳಿಯುತ್ತಿರಲಿಲ್ಲವಲ್ಲ, ವ್ಯತ್ಯಾಸವೇನು ಎಂದು ಹಾಲಪ್ಪನವರು ಕೇಳಿದರು. ವ್ಯತ್ಯಾಸವಿತ್ತು. ತಿಳಿಯದಿದ್ದರೂ ಆ ಮಾತುಗಳ ನಡುವೆ ನಿಂತು ನೀರು ತುಂಬುವುದು ಆಕೆಗೆ ಅಭ್ಯಾಸವಾಗಿತ್ತು. ಒಂದು ಸಂಜೆ ಯಾರೋ ಹುಡುಗರು ಬೈಕು ನಿಲ್ಲಿಸಿ ಬೋರ್ಡನ್ನು ಓದಿ, ಆಮೇಲೆ ಮನೆಯನ್ನೂ ಬಹಳ ಹೊತ್ತು ನೋಡಿ ಹೋದರು. ಚಂದ್ರಮ್ಮ ಅದನ್ನು ಗಂಡನಿಗೆ ಹೇಳಲಿಲ್ಲ. ಬಾಗಿಲಿಗೆ ಒಳಗಿನಿಂದ ಇನ್ನೊಂದು ಚಿಲಕ ಹಾಕಿಕೊಂಡರು.

ನಾಚಿಯಮ್ಮನ ಗಂಡ ರಾಮಲಿಂಗಂ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು, ಬೀದಿಯ ಸಂಘದ ಕಾರ್ಯದರ್ಶಿ. ಅವರು ಚಹಾದಂಗಡಿಯಲ್ಲಿ ಹಾಲಪ್ಪನವರನ್ನು ತಡೆದು, ಬೋರ್ಡು ತಿಳಿದೇ ಹಾಕಿದ್ದೋ ಎಂದು ತಮಿಳಿನಲ್ಲಿ ಕೇಳಿದರು. ಹಾಲಪ್ಪನವರು ಎದೆಯುಬ್ಬಿಸಿ ತಮ್ಮ ತಮಿಳಿನಲ್ಲಿ ಉತ್ತರ ಕೊಟ್ಟರು. ತಿಳಿಯದೆ ಏನು, ಬಹಳ ಯೋಚನೆ ಮಾಡಿಯೇ ಹಾಕಿದ್ದು. ಇಷ್ಟು ದಿನ ಕದ್ದು ಕದ್ದು ನೀರು ಬಿಡುತ್ತಿದ್ದರು, ಇನ್ನು ಒಂದು ಹನಿಯನ್ನೂ ಬಿಡಕೂಡದು. ಬಿಟ್ಟರೆ ಬೇರುಸಹಿತ ಹಾಳಾಗುತ್ತದೆ. ಬೇಕಾದರೆ ಊಟಿಯಲ್ಲಿ ದೊಡ್ಡ ದೊಡ್ಡವರೇ ಬರೆಸಿ ಹಾಕಿದ್ದಾರೆ, ಹೋಗಿ ನೋಡಿ.

ರಾಮಲಿಂಗಂ ಒಳ್ಳೆಯ ಮನುಷ್ಯ. ಅವರು ಜಗಳವಾಡಲಿಲ್ಲ. ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಎದ್ದು ಹೋದರು. ಆ ಸಂಜೆ ಸಂಘದ ಸಭೆ ಸೇರಿತು. ಬಾಡಿಗೆದಾರರನ್ನು ಬಿಡಿಸಬೇಕೆಂದು ಕಾಮಾಕ್ಷಿಯಮ್ಮನಿಗೆ ಹೇಳುವುದು, ಅಲ್ಲಿಯವರೆಗೆ ಹುಡುಗರು ಕಲ್ಲು ಗಿಲ್ಲು ಎಸೆದಾರೆಂದು ಪೊಲೀಸರಿಗೆ ತಿಳಿಸಿಡುವುದು ಎಂದು ನಿರ್ಧಾರವಾಯಿತು. ಎರಡನೆಯ ಸಲಹೆ ರಾಮಲಿಂಗಂ ಅವರದು.

ಹೀಗಾಗಿ ಭಾನುವಾರ ಬೆಳಿಗ್ಗೆ ಸಬ್ ಇನ್ಸ್‌ಪೆಕ್ಟರ್ ವಿಜಯಕುಮಾರಿ ಒಬ್ಬ ಕಾನ್‌ಸ್ಟೆಬಲ್ಲನ್ನು ಕರೆದುಕೊಂಡು ಬಂದರು. ಕಲ್ಲುತೋಟದ ಕೀರ್ತಿ ಸರ್ಕಾರದವರೆಗೂ ಮುಟ್ಟಿತೆಂದು ಹಾಲಪ್ಪನವರು ಕುರ್ಚಿ ತಂದು ಹಾಕಿದರು. ಆಕೆ ಕೂರಲಿಲ್ಲ. ಬೋರ್ಡು ನಿಮ್ಮದೇನಾ ಎಂದು ಕೇಳಿದರು. ನಮ್ಮದೇ ಎಂದರು. ಯಾರಾದರೂ ಹೇಳಿ ಹಾಕಿಸಿದರೋ ಎಂದು ಕೇಳಿದರು. ಯಾರೂ ಇಲ್ಲ, ಐಡಿಯಾ ಪೂರ್ತಿ ನನ್ನದೇ ಎಂದರು. ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಅಪರಾಧಿಯನ್ನು ಕಾನ್‌ಸ್ಟೆಬಲ್ ಅದುವರೆಗೆ ಕಂಡಿರಲಿಲ್ಲ. ಗೇಟಿನಾಚೆ ಬೀದಿಯವರೆಲ್ಲ ಸೇರಿದ್ದರು. ನಾಚಿಯಮ್ಮ ತಮ್ಮ ಮೋಟುಗೋಡೆಯ ಆಚೆ ನಿಂತಿದ್ದರು.

ಅದೇ ಹೊತ್ತಿಗೆ ಬಾಣಂತಿಯ ಮನೆಯಿಂದ ಕಾಮಾಕ್ಷಿಯಮ್ಮ ಆಟೋದಲ್ಲಿ ಬಂದಿಳಿದರು. ಪೊಲೀಸರನ್ನು ನೋಡಿದರು, ಜನರನ್ನು ನೋಡಿದರು, ಕನ್ನಡಕ ಹುಡುಕಿ ಹಾಕಿಕೊಂಡು ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಎರಡನೇ ಸಲ ಓದಿದರು.

"ತಂಬಿ, ಇದ ಏನಂತ ಬರೆಸಿದ್ದು ನೀನು?"

"ಗಿಡದ ಹೆಸರು, ಗಿಡದ ಊರು, ಗಿಡಕ್ಕೆ ನೀರು ಹಾಕಬೇಡಿ ಅಂತ. ಊಟಿಯಲ್ಲಿ ಹಿಂಗೇ ಹಾಕಿದ್ರಮ್ಮ."

"ನಾನ್ ಓದ್ತೀನಿ, ಕೇಳು ಕಣ್ಣು. ಸೇದಂ ಅಂದ್ರೆ ಈ ಊರು ಪೇಚಲ್ಲಿ, ಮಾತಲ್ಲಿ, ನಾಶ. ನಾಶ, ಕರ್ನಾಟಕ, ತಣ್ಣಿ ಬಿಡಬೇಡಿ. ಈ ವರುಷ ನೀ ಇದ ಗೇಟು ಮೇಲ ತೂಗು ಹಾಕಿದ್ದಿ."

ಹಾಲಪ್ಪನವರು ಬೋರ್ಡು ನೋಡಿದರು, ಜನರ ಮುಖ ನೋಡಿದರು. ಗೇಟಿನ ಮುಂದಿನ ಶಿಸ್ತು, ಹಾಲಿನವನ ಕಾಯಿಲೆ, ಚಹಾದಂಗಡಿಯಲ್ಲಿ ತಾವು ಮಾಡಿದ ಭಾಷಣ ಎಲ್ಲವೂ ಒಂದರ ಹಿಂದೆ ಒಂದು ಬಂದು ತಮ್ಮ ತಮ್ಮ ನಿಜವಾದ ಅರ್ಥ ಹೇಳಿಕೊಂಡು ಹೋದವು. ತಾವೇ ಜೋಡಿಸಿದ ಕಲ್ಲುಗಳ ಮೇಲೆ ಕುಳಿತುಬಿಟ್ಟರು. ಚಂದ್ರಮ್ಮ ಬಾಗಿಲಿನಿಂದ ಹೊರಗೆ ಬಂದು ಅವರ ಪಕ್ಕದಲ್ಲಿ ನಿಂತರು. ಆ ಬೀದಿಯ ಜನರ ಎದುರಿಗೆ ಆಕೆ ಹಾಗೆ ತಾವಾಗಿ ಬಂದು ನಿಂತದ್ದು ಅದೇ ಮೊದಲು.

ಹಾಲಪ್ಪನವರು ಎದ್ದು ಬೋರ್ಡು ಬಿಚ್ಚಲು ಹೋದರು. ವಿಜಯಕುಮಾರಿ ತಡೆದರು. ಮೊದಲು ಎಲ್ಲರಿಗೂ ಹೇಳಿ, ಆಮೇಲೆ ಬಿಚ್ಚಿ ಎಂದರು. ಹಾಲಪ್ಪನವರು ತಮಿಳಿನಲ್ಲಿ ಶುರುಮಾಡಿ, ಒಂದು ವಾಕ್ಯದಲ್ಲೇ ನಿಂತು, ಜೀವನದಲ್ಲಿ ಮೊದಲ ಸಲ ಒಂದು ವಿಷಯ ತಮಗೆ ಬರುವುದಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡರು. ಕನ್ನಡದಲ್ಲೇ ಹೇಳಿದರು, ಕಾಮಾಕ್ಷಿಯಮ್ಮ ತಮಿಳು ಮಾಡಿದರು. ಕೊಳೆತ ಗಿಡವನ್ನು ಕಿತ್ತು ತೋರಿಸಿದರು. ಒಂದಿಬ್ಬರು ನಕ್ಕರು. ಆ ನಗು ನಿಧಾನವಾಗಿ ಬೀದಿಯ ತುದಿಯವರೆಗೂ ಹೋಯಿತು. ಕಾನ್‌ಸ್ಟೆಬಲ್ ಆಚೆ ತಿರುಗಿ ಟೋಪಿಯಲ್ಲಿ ಮುಖ ಮುಚ್ಚಿಕೊಂಡ.

ನಾಚಿಯಮ್ಮ ನಗಲಿಲ್ಲ. ಅವರ ತವರು ಕಾವೇರಿ ಬಯಲಿನ ಮನ್ನಾರ್ಗುಡಿಯ ಕಡೆ. ಕಾಲುವೆಗೆ ನೀರು ಬಾರದೆ ಆ ವರ್ಷ ಅಣ್ಣಂದಿರು ನಾಟಿಯನ್ನೇ ಮಾಡಿರಲಿಲ್ಲ. ಗಂಡನನ್ನು ಬಿಟ್ಟರೆ ಬೀದಿಯಲ್ಲಿ ಯಾರಿಗೂ ಅದನ್ನು ಅವರು ಹೇಳಿರಲಿಲ್ಲ. ಈಗ ಕಾಮಾಕ್ಷಿಯಮ್ಮನ ಮೂಲಕ ಹೇಳಿದರು. ತಾವೇ ದಿನವೂ ಆ ಗಿಡಕ್ಕೆ ನೀರು ಹಾಕಿದ್ದೆಂದೂ, ಬೋರ್ಡು ಓದಿದ ದಿನ ಊಟ ಸೇರಲಿಲ್ಲವೆಂದೂ ಹೇಳಿದರು. ಆಮೇಲೆ ಕೇಳಿದ ಮಾತನ್ನು ಕಾಮಾಕ್ಷಿಯಮ್ಮ ಕನ್ನಡ ಮಾಡಿದರು.

"ಗಿಡಕ್ಕೆ ತಣ್ಣಿ ಆಗಲ್ಲ ಅಂತ ನಂಗೆ ಗೊತ್ತಿಲ್ಲ, ಅದು ನನ್ನ ತಪ್ಪು, ಅಂತಾಳೆ. ಆದ್ರೆ ಗೋಡೆ ಇಷ್ಟೇ ಎತ್ತರ ಐತೆ. ನನ್ನ ನೋಡಿ ಕೈಯ ಹಿಂಗೆ ಆಡಿಸಿದ್ರೆ ಸಾಕಿತ್ತು, ಅದಕ್ಕೆ ಯಾವ ಭಾಷೆ ಬೇಕು, ಅಂತ ಕೇಳ್ತಾಳೆ."

ಚಂದ್ರಮ್ಮ ಗೋಡೆಯ ಬಳಿಗೆ ಹೋಗಿ ನಾಚಿಯಮ್ಮನ ಕೈ ಹಿಡಿದುಕೊಂಡರು.

ವಿಜಯಕುಮಾರಿ ಬೋರ್ಡನ್ನು ವಶಪಡಿಸಿಕೊಂಡು ಹೋದರು. ಅದು ಠಾಣೆಯ ನೀರಿನ ಡ್ರಮ್ಮಿಗೆ ಮುಚ್ಚಳವಾಗಿದೆ ಎಂದು ಮುಂದೆ ಮಣಿಯೇ ನೋಡಿಬಂದು ಹೇಳಿದ. ಹಾಲಿನವನು ಮರುದಿನ ಗುಣವಾಗಿ ಬಂದ. ಮನೆ ಬಿಡಿಸುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಚಂದ್ರಮ್ಮ ಮತ್ತು ನಾಚಿಯಮ್ಮ ಗೋಡೆಯ ಎರಡು ಕಡೆ ನಿಂತು, ಒಬ್ಬರು ಕನ್ನಡದಲ್ಲಿ, ಒಬ್ಬರು ತಮಿಳಿನಲ್ಲಿ, ಸೊಪ್ಪು ಬಿಡಿಸುತ್ತ ತಾಸುಗಟ್ಟಲೆ ಮಾತಾಡತೊಡಗಿದರು. ಒಬ್ಬರು ಹೇಳಿದ್ದು ಒಬ್ಬರಿಗೆ ಎಷ್ಟು ತಿಳಿಯುತ್ತಿತ್ತು ಎಂಬುದನ್ನು ಇಬ್ಬರೂ ಪರೀಕ್ಷಿಸಲು ಹೋಗಲಿಲ್ಲ.

ಕೊಳೆಯದೆ ಉಳಿದ ತುಂಡುಗಳು ಮತ್ತೆ ಚಿಗುರಿ, ಸಂಕ್ರಾಂತಿಯ ಹೊತ್ತಿಗೆ ಅಂಗೈ ಅಗಲದ ಚಾಪೆಗಳಾದವು. ಈಗ ಅವುಗಳ ಕಾವಲು ಇಡೀ ಬೀದಿಯದು. ಮುಖ್ಯ ಕಾವಲುಗಾರರು ರಾಮಲಿಂಗಂ. ತಪ್ಪು ತಿಳಿದುಕೊಂಡದ್ದಕ್ಕೆ ಅವರು ತಮಗೆ ತಾವೇ ವಿಧಿಸಿಕೊಂಡ ಶಿಕ್ಷೆ ಅದು. ಬೆಳಿಗ್ಗೆ ಸಂಜೆ ಕುರ್ಚಿ ಹಾಕಿ ಕೂತು, ಯಾರಾದರೂ ಬಾಟಲಿ ಹಿಡಿದು ಗೇಟಿನ ಹತ್ತಿರ ಬಂದರೆ ಸಾಕು, ಆ ಗಿಡಕ್ಕೆ ನೀರೆಂದರೆ ವಿಷ, ಒಂದು ಹನಿಯೂ ಆಗದು ಎಂದು ಹಾಲಪ್ಪನವರ ಮಾತನ್ನೇ ಒಪ್ಪಿಸುತ್ತಿದ್ದರು. ಬೇರೆ ಬೀದಿಯವರನ್ನೂ ಕರೆತಂದು ನೀರು ಕುಡಿಯದ ಗಿಡವನ್ನು ತೋರಿಸುತ್ತಿದ್ದರು.

ಮಾರ್ಚ್ ಬಂತು. ಊಟಿಯ ಬಿಸಿಲು ಬೇರೆ, ಪೀಳಮೇಡಿನ ಬಿಸಿಲು ಬೇರೆ. ಕಲ್ಲುಗಳು ಹೆಂಚಿನಂತೆ ಕಾದವು. ಎಲೆಗಳು ಸೊರಗಿ ನೆರಿಗೆಗಟ್ಟಿದವು, ಅಂಚುಗಳು ಒಣಗಿ ಪುಡಿಯಾದವು. ಇದಕ್ಕೆ ನೀರು ಬೇಕು ಎಂಬುದು ಯಾವ ಬೋರ್ಡೂ ಇಲ್ಲದೆ ಕಾಣುತ್ತಿತ್ತು. ಹಾಲಪ್ಪನವರು ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದರು. ಒಂದು ಹನಿಯೂ ಕೂಡದೆಂದು ಪೊಲೀಸರ ಮುಂದೆ ಹೇಳಿಕೆ ಕೊಟ್ಟಾಗಿತ್ತು. ಬೀದಿಯ ಸಂಘ ಅದನ್ನು ನಂಬಿ ಕಾವಲು ಕೂತಿತ್ತು. ಈಗ ನೀರೂ ಬೇಕು ಎಂದರೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಕೆಲವು ದಿನ ಅವರು ಕಿಟಕಿಯಿಂದ ಗಿಡವನ್ನು, ಗಿಡದಾಚೆ ಕುರ್ಚಿಯ ಮೇಲಿದ್ದ ರಾಮಲಿಂಗಂ ಅವರನ್ನು ನೋಡುತ್ತ ಕಳೆದರು.

ಕೊನೆಗೊಂದು ಸಂಜೆ ಚೊಂಬಿನಲ್ಲಿ ನೀರು ತುಂಬಿ, ಅದರ ಮೇಲೆ ಟವಲು ಹೊದಿಸಿ, ಗಾಳಿಗೆಂದು ಬಂದವರ ಹಾಗೆ ಹೊರಗೆ ಬಂದರು. ರಾಮಲಿಂಗಂ ಕುರ್ಚಿಯಲ್ಲಿದ್ದರು. ಹಾಲಪ್ಪನವರು ಅವರಿಗೆ ಕೈಮುಗಿಯಲು ಹೋದರು, ಚೊಂಬು ತುಳುಕಿ ಪಾದ ಒದ್ದೆಯಾಯಿತು. ತಲೆಯೆತ್ತಿದರೆ ಗೋಡೆಯ ಆಚೆ ನಾಚಿಯಮ್ಮ. ಅವರು ಟವಲನ್ನು ನೋಡಿದರು, ಒದ್ದೆ ಪಾದವನ್ನು ನೋಡಿದರು, ಬಾಡಿದ ಗಿಡವನ್ನು ನೋಡಿದರು.

ಆಮೇಲೆ ತಿರುಗಿ, ಕಾಫಿ ಆರಿಹೋಗುತ್ತಿದೆ, ಒಳಗೆ ಬನ್ನಿ ಎಂದು ಗಂಡನನ್ನು ಕರೆದರು. ರಾಮಲಿಂಗಂ ಕಾವಲು ಬಿಟ್ಟು ಎದ್ದು ಒಳಗೆ ಹೋದರು.

ನಾಚಿಯಮ್ಮ ಹೋಗಲಿಲ್ಲ. ಗೋಡೆಯ ಮೇಲೆ ಮೊಣಕೈಯೂರಿ, ಹೆಬ್ಬೆರಳು ತೋರುಬೆರಳನ್ನು ಹತ್ತಿರ ಹತ್ತಿರ ತಂದು ತೋರಿಸಿ, "ಕೊಂಜಂ" ಎಂದರು.

ಈ ಮಾತಿಗೆ ಕಾಮಾಕ್ಷಿಯಮ್ಮ ಬೇಕಾಗಲಿಲ್ಲ.

"ಕೊಂಚಾನೇ," ಎಂದು ಹಾಲಪ್ಪನವರು ಚೊಂಬು ಬಗ್ಗಿಸಿದರು.